ವೈಎಫ್-23: ಮೊದಲು ಪುಸ್ತಕ ಕಟ್ಟಿದೆ, ಆಮೇಲೆ ವಿಮಾನ

ವೈಎಫ್-23 ಅಮೆರಿಕದ ಒಂದು ಪ್ರೋಟೋಟೈಪ್, ಅಂದರೆ ಪರೀಕ್ಷೆಗೆಂದು ಕಟ್ಟಿದ ಫೈಟರ್ ವಿಮಾನ. ಕಟ್ಟಿದ್ದು ಎರಡೇ ಎರಡು. ಎರಡೂ ಇವತ್ತಿಗೂ ಉಳಿದಿವೆ. ಒಂದು ಅಮೆರಿಕದ ಒಹಾಯೋ ರಾಜ್ಯದ ಡೇಟನ್‌ನಲ್ಲಿ, ಅಲ್ಲಿನ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಇನ್ನೊಂದು ಕ್ಯಾಲಿಫೋರ್ನಿಯಾದ ಟೊರನ್ಸ್‌ನಲ್ಲಿ, ವೆಸ್ಟರ್ನ್ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿದೆ. ನೋಡಿದವರೆಲ್ಲ ಇಷ್ಟಪಡುವ ವಿಮಾನ ಇದು. ಮೇಲಿಂದ ನೋಡಿದರೆ ವಜ್ರದ ಆಕಾರದ ರೆಕ್ಕೆ, ಹೊರಕ್ಕೆ ಒರಗಿದ ಎರಡೇ ಬಾಲ, ಉದ್ದನೆಯ ಮೂತಿ. ನನ್ನ ಮಟ್ಟಿಗೆ ಇದಕ್ಕಿಂತ ಚೆಂದದ ಫೈಟರ್ ವಿಮಾನ ಇಲ್ಲ.

ಇದರ 1/48 ಅಳತೆಯ ಪ್ಲಾಸ್ಟಿಕ್ ಕಿಟ್ ನನ್ನ ಹತ್ತಿರ ಬಹಳ ದಿನದಿಂದ ಇತ್ತು. ಡಬ್ಬಿ ತೆರೆದು ಭಾಗಗಳನ್ನು ನೋಡಿ ಮತ್ತೆ ಮುಚ್ಚಿ ಇಡುತ್ತಿದ್ದೆ. ಕಾರಣ ಒಂದೇ. ಜೊತೆಗೆ ಬಂದ ಸೂಚನೆಯ ಹಾಳೆಯಲ್ಲಿ ಬಣ್ಣದ ಹೆಸರಿತ್ತು, ಭಾಗಗಳ ನಂಬರ್ ಇತ್ತು. ಆದರೆ ಇದು ಎರಡರಲ್ಲಿ ಯಾವ ವಿಮಾನ, ಯಾವ ತಿಂಗಳಲ್ಲಿ ಇದ್ದ ಹಾಗೆ ಅನ್ನುವುದು ಎಲ್ಲೂ ಇರಲಿಲ್ಲ. ಪ್ರೋಟೋಟೈಪ್ ವಿಮಾನಕ್ಕೆ ಆ ಎರಡು ಪ್ರಶ್ನೆಗೆ ಉತ್ತರ ಇಲ್ಲದೆ ಗೋಂದಿನ ಮುಚ್ಚಳ ತೆರೆಯಲೇಬಾರದು ಎನ್ನುವುದು ನನ್ನ ನಂಬಿಕೆ. ಹಾಗಾಗಿ ಮೊದಲು ಒಂದು ಪುಸ್ತಕವನ್ನೇ ಮಾಡಿದೆ. ಮಾಡೆಲ್ ಕಟ್ಟುವವರು ಬೆಂಚಿನ ಮೇಲೆ ಬಿಚ್ಚಿಟ್ಟುಕೊಂಡು ಕೆಲಸ ಮಾಡುವಂಥ, ಎ4 ಅಳತೆಯ, ಹೊಲಿದು ಕಟ್ಟಿದ ಪುಸ್ತಕ. ಕನ್ನಡದಲ್ಲಿ. ಬೆಂಗಳೂರಿನಲ್ಲಿ ಮಾಡೆಲ್ ಮಾಡುವ ನಾಲ್ಕಾರು ಗೆಳೆಯರಿಗೂ ಒಂದೊಂದು ಪ್ರತಿ. ಆ ಪುಸ್ತಕ ಸರಿಯಿದೆಯೋ ಇಲ್ಲವೋ ನೋಡಲು ಅದನ್ನೇ ಇಟ್ಟುಕೊಂಡು ಕಿಟ್ ಕಟ್ಟಿದೆ. ಎರಡರ ಕಥೆಯೂ ಇಲ್ಲಿದೆ.

ಯಾವ ವಿಮಾನ, ಯಾವ ತಿಂಗಳು

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ವಾಯುಪಡೆಗೆ ಹೊಸ ಸ್ಟೆಲ್ತ್ ಫೈಟರ್, ಅಂದರೆ ರಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಫೈಟರ್, ಬೇಕಿತ್ತು. 1986ರ ಅಕ್ಟೋಬರ್ 31ರಂದು ಎರಡು ತಂಡಗಳನ್ನು ಆರಿಸಿದರು. ಲಾಕ್‌ಹೀಡ್ ಕಡೆ ಬೋಯಿಂಗ್ ಮತ್ತು ಜನರಲ್ ಡೈನಮಿಕ್ಸ್ ಸೇರಿದವು. ನಾರ್ಥ್ರಾಪ್ ಕಡೆ ಮೆಕ್‌ಡೊನೆಲ್ ಡಗ್ಲಸ್ ಸೇರಿತು. ಲಾಕ್‌ಹೀಡ್ ತಂಡ ಕಟ್ಟಿದ್ದು ವೈಎಫ್-22. ನಾರ್ಥ್ರಾಪ್ ತಂಡ ಕಟ್ಟಿದ್ದು ವೈಎಫ್-23. 1991ರ ಏಪ್ರಿಲ್ 23ರಂದು ವೈಎಫ್-22 ಗೆದ್ದಿತೆಂದು ಘೋಷಣೆ ಆಯಿತು. ಅದೇ ಮುಂದೆ ಎಫ್-22 ರ‍್ಯಾಪ್ಟರ್ ಆಯಿತು. ಸೋತ ವಿಮಾನ ಮತ್ತೆ ಹಾರಲಿಲ್ಲ.

ಮಾಡೆಲ್ ಮಾಡುವವರಿಗೆ ಮುಖ್ಯವಾದದ್ದು ಈ ಎರಡು ವಿಮಾನಗಳ ನಡುವಿನ ವ್ಯತ್ಯಾಸ. ಮೊದಲನೆಯದು ಪಿಎವಿ-1 (ಪಿಎವಿ ಅಂದರೆ ಪ್ರೋಟೋಟೈಪ್ ಏರ್ ವೆಹಿಕಲ್), ಸೀರಿಯಲ್ ನಂಬರ್ 87-0800. ಪ್ರಾಟ್ ಅಂಡ್ ವಿಟ್ನಿಯ ವೈಎಫ್119 ಎಂಜಿನ್. ಇದ್ದಿಲಿನಂಥ ಕಡು ಬೂದು ಬಣ್ಣ. 1990ರ ಜೂನ್ 22ಕ್ಕೆ ಜನರ ಮುಂದೆ ಬಂತು. ಆಗಸ್ಟ್ 27ಕ್ಕೆ ಪಾಲ್ ಮೆಟ್ಜ್ ಇದನ್ನು ಎಡ್ವರ್ಡ್ಸ್ ವಾಯುನೆಲೆಯಿಂದ ಮೊದಲ ಸಲ ಹಾರಿಸಿದರು. ಎರಡನೆಯದು ಪಿಎವಿ-2, ನಂಬರ್ 87-0801. ಜನರಲ್ ಎಲೆಕ್ಟ್ರಿಕ್‌ನ ವೈಎಫ್120 ಎಂಜಿನ್. ಎರಡು ಛಾಯೆಯ ತಿಳಿ ಬೂದು ಬಣ್ಣ. ಅಕ್ಟೋಬರ್ 26ಕ್ಕೆ ಜಿಮ್ ಸ್ಯಾಂಡ್‌ಬರ್ಗ್ ಹಾರಿಸಿದರು. ಎರಡೂ ಸೇರಿ ಹಾರಿದ್ದು 50 ಸಲ, ಒಟ್ಟು 65.2 ಗಂಟೆ. ನವೆಂಬರ್ 30ರಂದು ಪಿಎವಿ-1 ಒಂದೇ ದಿನ ಆರು ಸಲ ಹಾರಿತು. ನೆಲದ ಮೇಲೆ ಎಷ್ಟು ಬೇಗ ಮತ್ತೆ ಸಿದ್ಧ ಮಾಡಬಹುದು ಎಂದು ತೋರಿಸುವ ಹಾರಾಟ ಅದು.

ಇಷ್ಟು ಚಿಕ್ಕ ಆಯುಷ್ಯದಲ್ಲೂ ಹೊರಮೈ ಒಂದೇ ಥರ ಇರಲಿಲ್ಲ. ಬಹಳ ಜನರಿಗೆ ಗೊತ್ತಿರುವ ಉದಾಹರಣೆ ಕೆಂಪು ಗುರುತು. ಪಿಎವಿ-1ರ ಹೊಟ್ಟೆಯ ಕೆಳಗೆ ಗಾಳಿ ಹಿಡಿಯುವ ಒಂದು ಚಿಕ್ಕ ಮೂತಿ ಹೊರಗೆ ಚಾಚಿಕೊಂಡಿತ್ತು. ಕೆಳಗೆ ಓಡಾಡುವ ಸಿಬ್ಬಂದಿಗೆ ಪೆಟ್ಟಾಗಬಾರದು ಅಂತ ಅದಕ್ಕೆ ಕೆಂಪು ಬಣ್ಣದ ಮರಳು ಗಡಿಯಾರದ ಆಕಾರ ಬಳಿದರು. ಬ್ಲ್ಯಾಕ್ ವಿಡೋ ಜೇಡದ ಹೊಟ್ಟೆಯ ಕೆಳಗೂ ಇಂಥದೇ ಕೆಂಪು ಗುರುತು ಇರುತ್ತದೆ. ವಿಮಾನಕ್ಕೆ ಅದೇ ಅಡ್ಡಹೆಸರು ಆಗಲೇ ಓಡಾಡುತ್ತಿತ್ತು. ಕಂಪನಿಯ ಮೇಲಿನವರಿಗೆ ವಿಷಯ ಗೊತ್ತಾಯಿತು, ಗುರುತನ್ನು ಅಳಿಸಿಸಿದರು. ಅಂದರೆ ಆ ಗುರುತು ಇದ್ದದ್ದು ಸ್ವಲ್ಪ ಕಾಲ ಮಾತ್ರ. ಮಾಡೆಲ್ ಮೇಲೆ ಆ ಗುರುತಿನ ಡಿಕಾಲ್ (ಅಂಟಿಸುವ ಚಿತ್ರ) ಅಂಟಿಸಿದರೆ, ಉಳಿದದ್ದೆಲ್ಲವೂ ಆ ಸ್ವಲ್ಪ ಕಾಲಕ್ಕೇ ಹೊಂದಬೇಕು. ಸುಮ್ನೆ ಚೆಂದ ಕಾಣುತ್ತೆ ಅಂತ ಅಂಟಿಸುವುದಲ್ಲ.

ಮ್ಯೂಸಿಯಂ ಫೋಟೋಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಪರ್ಧೆ ಮುಗಿದ ಮೇಲೆ ಎರಡೂ ವಿಮಾನಗಳನ್ನು ಎಂಜಿನ್ ತೆಗೆದು ಎಡ್ವರ್ಡ್ಸ್‌ನಲ್ಲೇ ಇದ್ದ ನಾಸಾದ ಡ್ರೈಡನ್ ಕೇಂದ್ರಕ್ಕೆ ಕೊಟ್ಟರು. ಅಲ್ಲಿ ಅವು ಹಾರಲಿಲ್ಲ, ನಿಂತೇ ಇದ್ದವು. ಆಮೇಲೆ ಮ್ಯೂಸಿಯಂ ಸೇರಿದವು. ಪಿಎವಿ-2ರ ಕಥೆ ಅಲ್ಲಿಗೂ ಮುಗಿಯಲಿಲ್ಲ. 2004ರಲ್ಲಿ ನಾರ್ಥ್ರಾಪ್ ಗ್ರಮ್ಮನ್ ಅದನ್ನು ವಾಪಸ್ ತೆಗೆದುಕೊಂಡು, ತಾನು ಪ್ರಸ್ತಾಪಿಸುತ್ತಿದ್ದ ಬಾಂಬರ್ ವಿಮಾನದ ಪ್ರದರ್ಶನ ಮಾದರಿಯಾಗಿ ಬದಲಾಯಿಸಿತು. ಮತ್ತೆ ಮೊದಲಿನ ರೂಪಕ್ಕೆ ತಂದು ಮ್ಯೂಸಿಯಂಗೆ ಕೊಟ್ಟಿತು. ಹಾಗಾಗಿ ಇವತ್ತು ಟೊರನ್ಸ್‌ನಲ್ಲಿ ನಿಂತು ತೆಗೆದ ಫೋಟೋದಲ್ಲಿ ಕಾಣುವ ಬಣ್ಣವನ್ನು 1990ರ ಬಣ್ಣ ಎಂದು ನಂಬುವ ಹಾಗಿಲ್ಲ. ಆಕಾರಕ್ಕೆ ಆ ಫೋಟೋ ಬೇಕೇ ಬೇಕು. ಬಣ್ಣಕ್ಕೆ ಬೇಡ.

ಇದರಿಂದ ಪುಸ್ತಕಕ್ಕೆ ಒಂದು ಕಟ್ಟುನಿಟ್ಟಾದ ಪದ್ಧತಿ ಸಿಕ್ಕಿತು. ಪ್ರತಿ ಫೋಟೋದ ಕೆಳಗೆ ಮೊದಲು ವಿಮಾನದ ನಂಬರ್, ಆಮೇಲೆ ಕಾಲ. ಕಾಲವನ್ನು ಮೂರು ಗುಂಪು ಮಾಡಿದೆ: ಹಾರುತ್ತಿದ್ದಾಗ, ನಾಸಾದಲ್ಲಿ ನಿಂತಿದ್ದಾಗ, ಮ್ಯೂಸಿಯಂನಲ್ಲಿ. ಪುಟದ ಅಂಚಿಗೆ ಮೂರು ಬಣ್ಣದ ಪಟ್ಟಿ. ಪುಸ್ತಕ ಮುಚ್ಚಿದಾಗಲೂ ಯಾವ ಭಾಗ ಎಲ್ಲಿದೆ ಎಂದು ಅಂಚು ನೋಡಿಯೇ ಗೊತ್ತಾಗುತ್ತದೆ. ನಂಬರ್ ಅಥವಾ ಕಾಲ ಖಚಿತ ಆಗದ ಫೋಟೋಗೆ ಪುಸ್ತಕದಲ್ಲಿ ಜಾಗ ಕೊಡಲಿಲ್ಲ. ಕೆಲವು ತುಂಬಾ ಚೆಂದದ ಚಿತ್ರಗಳು ಹೀಗೆ ಹೊರಗೆ ಉಳಿದವು. ಮೋಡದ ಮೇಲೆ ಹಾರುವ ದೊಡ್ಡ ದೊಡ್ಡ ಚಿತ್ರಗಳನ್ನೂ ಕಡಿಮೆ ಮಾಡಿದೆ. ಬೆಂಚಿನ ಮೇಲೆ ಕೈ ಕೇಳುವ ಒಂದು ಪ್ರಶ್ನೆಗಾದರೂ ಉತ್ತರ ಕೊಡದ ಪುಟ ಇಂಥ ಪುಸ್ತಕಕ್ಕೆ ಭಾರ. ಅಮೆರಿಕದ ಸರ್ಕಾರಿ ಸಂಸ್ಥೆಗಳು ತೆಗೆದ ಫೋಟೋಗಳಿಗೆ ಅಲ್ಲಿ ಹಕ್ಕುಸ್ವಾಮ್ಯದ ತಡೆ ಇಲ್ಲ. ಹೀಗಾಗಿ ನಾಸಾ ಮತ್ತು ವಾಯುಪಡೆಯ ಚಿತ್ರಗಳಷ್ಟನ್ನೇ ಬಳಸಿದೆ.

ನಕ್ಷೆ, ಅಳತೆ, ಕಾಗದ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದು. ಖುಷಿ ಕೊಟ್ಟದ್ದೂ ಇದೇ.

ವೈಎಫ್-23ರ ಉದ್ದ 67 ಅಡಿ 5 ಇಂಚು, ಅಂದರೆ 20.55 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 43 ಅಡಿ 7 ಇಂಚು, 13.28 ಮೀಟರ್. 1/72ಕ್ಕೆ ಇಳಿಸಿದರೆ ಉದ್ದ 285 ಮಿಲಿಮೀಟರ್, ಅಗಲ 184.5. ಎ4 ಹಾಳೆ 297 ಮಿಲಿಮೀಟರ್ ಉದ್ದ. ಅಂದರೆ 1/72 ನಕ್ಷೆ ಒಂದು ಪುಟದಲ್ಲಿ ಕೂರುತ್ತದೆ, ಆದರೆ ಮೇಲೆ ಕೆಳಗೆ ಆರಾರು ಮಿಲಿಮೀಟರ್ ಮಾತ್ರ ಉಳಿಯುತ್ತದೆ. ಪ್ರಿಂಟರ್‌ನಲ್ಲಿ ಪುಟಕ್ಕೆ ಹೊಂದಿಸಿಕೊಳ್ಳುವ ಆಯ್ಕೆ ಆನ್ ಆಗಿದ್ದರೆ ಅದು ಸದ್ದಿಲ್ಲದೆ ನಕ್ಷೆಯನ್ನು ಕುಗ್ಗಿಸುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪ್ರತಿ ನಕ್ಷೆಯ ಮೇಲೂ ನೂರು ಮಿಲಿಮೀಟರ್‌ನ ಒಂದು ಗೆರೆ ಅಡ್ಡಕ್ಕೆ, ಒಂದು ಗೆರೆ ಉದ್ದಕ್ಕೆ ಹಾಕಿದೆ. ಒಂದೇ ದಿಕ್ಕಿಗೆ ಹಾಕಿದರೆ ಸಾಲದು. ಲೇಸರ್ ಪ್ರಿಂಟರ್‌ನ ಬಿಸಿಗೆ ಕಾಗದ ಸ್ವಲ್ಪ ಕುಗ್ಗುತ್ತದೆ, ಅದೂ ಎರಡು ದಿಕ್ಕಿಗೆ ಒಂದೇ ಸಮ ಅಲ್ಲ. ಮಳೆಗಾಲದ ತೇವಕ್ಕೆ ಹಿಗ್ಗುವಾಗಲೂ ಹಾಗೇ.

1/48ಕ್ಕೆ ಉದ್ದ 428 ಮಿಲಿಮೀಟರ್. ಇಲ್ಲಿ ತೊಂದರೆ. ಎರಡು ಎ4 ಪುಟ ಸೇರಿದರೆ, ಅಂದರೆ ಒಂದು ಎ3, 420 ಮಿಲಿಮೀಟರ್. ಎಂಟೇ ಎಂಟು ಮಿಲಿಮೀಟರ್ ಕೊರತೆ! ಮೂತಿ ಕತ್ತರಿಸಿ ಪಕ್ಕಕ್ಕೆ ಬರೆಯುವುದು ಒಂದು ದಾರಿ. ನನಗೆ ಅದು ಒಪ್ಪಿಗೆ ಆಗಲಿಲ್ಲ. ಮಾಡೆಲ್ ಅನ್ನು ನಕ್ಷೆಯ ಮೇಲೆ ಇಟ್ಟು ನೇರವಾಗಿ ಹೋಲಿಸುವುದೇ ಈ ಪುಟದ ಕೆಲಸ ಅಲ್ವಾ? ಕೊನೆಗೆ ಮನೆ ಪ್ಲಾನ್ ಪ್ರಿಂಟ್ ಹಾಕಿಕೊಡುವ ಅಂಗಡಿಯಲ್ಲಿ ಎ2 ಹಾಳೆಯ ಮೇಲೆ ಹಾಕಿಸಿದೆ. ಅದರಲ್ಲಿ ಮೇಲಿನ ನೋಟ 428 ಉದ್ದ, 277 ಅಗಲ. ಅದರ ಕೆಳಗೆ ಪಕ್ಕದ ನೋಟಕ್ಕೂ ಆರಾಮಾಗಿ ಜಾಗ ಆಯಿತು. ಆ ಹಾಳೆಯನ್ನು ಮಡಚಿ ಪುಸ್ತಕದ ಕೊನೆಗೆ ಪಟ್ಟಿ ಅಂಟಿಸಿ ಸೇರಿಸಿದೆ. ಪೂರ್ತಿ ಬಿಚ್ಚಿದಾಗ ನಕ್ಷೆ ಪುಸ್ತಕದ ಹೊರಗೆ ಬಂದು ನಿಲ್ಲುವ ಹಾಗೆ ಮಡಿಕೆ ಲೆಕ್ಕ ಹಾಕಿದೆ. ಇಲ್ಲದಿದ್ದರೆ ಬೇರೆ ಪುಟ ತಿರುಗಿಸಲು ಆಗುವುದಿಲ್ಲ. ಮಡಿಕೆ ವಿಮಾನದ ನಡುಗೆರೆಯ ಮೇಲೆ ಬೀಳದಂತೆ ನೋಡಿಕೊಂಡೆ. ಮಡಿಕೆ ಬಿದ್ದ ಕಡೆ ಗೆರೆ ಸವೆದು ಹೋಗುತ್ತದೆ.

ನಕ್ಷೆ ಬರೆಯಲು ಗಟ್ಟಿಯಾಗಿ ಗೊತ್ತಿರುವ ಅಳತೆಗಳಿಂದ ಶುರು ಮಾಡಿದೆ. ಉದ್ದ, ಅಗಲ, ರೆಕ್ಕೆಯ ಕೋನ. ರೆಕ್ಕೆಯ ಮುಂದಿನ ಅಂಚು 40 ಡಿಗ್ರಿ ಹಿಂದಕ್ಕೆ ಬಾಗಿದೆ, ಹಿಂದಿನ ಅಂಚು 40 ಡಿಗ್ರಿ ಮುಂದಕ್ಕೆ ಬಾಗಿದೆ. ಬಾಲದ ಅಂಚುಗಳೂ ಮೇಲಿಂದ ನೋಡಿದಾಗ ರೆಕ್ಕೆಯ ಅಂಚುಗಳಿಗೆ ಸಮಾನಾಂತರ. ಇದು ಅಂದಕ್ಕೆ ಮಾಡಿದ್ದಲ್ಲ. ಅಂಚುಗಳೆಲ್ಲ ಕೆಲವೇ ದಿಕ್ಕಿಗೆ ಮುಖ ಮಾಡಿದರೆ ರಡಾರ್ ಅಲೆ ಆ ಕೆಲವೇ ದಿಕ್ಕಿಗೆ ವಾಪಸ್ ಹೋಗುತ್ತದೆ. ಉಳಿದ ಕಡೆ ವಿಮಾನ ಕಾಣುವುದು ಕಷ್ಟ. ನಕ್ಷೆ ಬರೆಯುವವರಿಗೆ ಇದರಿಂದ ಒಂದು ವರ ಸಿಕ್ಕ ಹಾಗಾಯಿತು. ಫೋಟೋದಲ್ಲಿ ಒಂದು ಅಂಚು ಅಸ್ಪಷ್ಟ ಇದ್ದರೂ, ಅದು ಯಾವ ಗೆರೆಗೆ ಸಮಾನಾಂತರ ಇರಬೇಕು ಎಂದು ಗೊತ್ತಿರುತ್ತದೆ. ಎರಡು ಸೆಟ್‌ಸ್ಕ್ವೇರ್ ಜಾರಿಸಿ ನೋಡಿದರೆ ಸಾಕು.

ಪ್ಯಾನೆಲ್ ಗೆರೆಗಳಿಗೆ, ಅಂದರೆ ವಿಮಾನದ ಮೈಯ ಹಾಳೆಗಳು ಸೇರುವ ಕಡೆ ಕಾಣುವ ಗೆರೆಗಳಿಗೆ, ಒಂದು ಕ್ರಮ ಇಟ್ಟುಕೊಂಡೆ. ಎರಡು ಬೇರೆ ಬೇರೆ ಫೋಟೋದಲ್ಲಿ ಕಂಡರೆ ತುಂಬು ಗೆರೆ. ಒಂದೇ ಫೋಟೋದಲ್ಲಿ ಕಂಡರೆ ತುಂಡು ಗೆರೆ. ಯಾವುದರಲ್ಲೂ ಕಾಣದಿದ್ದರೆ ಖಾಲಿ. ಹೊಟ್ಟೆಯ ಕೆಳಗಿನ ಕೆಲವು ಜಾಗ ಖಾಲಿಯೇ ಇದೆ. ಅಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲು ಪುಟದ ಅಂಚನ್ನು ಅಗಲ ಬಿಟ್ಟಿದ್ದೇನೆ.

ಬೆಂಚಿನ ಮೇಲೆ

ನಾನು ಆರಿಸಿಕೊಂಡದ್ದು ಪಿಎವಿ-1. ಕೆಂಪು ಗುರುತು ಅಳಿಸಿದ ಮೇಲಿನ ರೂಪ, 1990ರ ನವೆಂಬರ್. ಒಂದೇ ದಿನ ಆರು ಸಲ ಹಾರಿದ ಆ ದಿನದ ವಿಮಾನ ನನಗೆ ಬೇಕಿತ್ತು.

ಕಾಕ್‌ಪಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚು ಉಳಿಸಲು ನಾರ್ಥ್ರಾಪ್ ತಂಡ ಬೇರೆ ವಿಮಾನಗಳ ಸಿದ್ಧ ಭಾಗಗಳನ್ನು ಬಳಸಿತ್ತು. ಕಾಕ್‌ಪಿಟ್‌ಗೆ ಎಫ್-15ಇ ವಿಮಾನದ ಮುಂದಿನ ಸೀಟಿನ ಕಡೆಯ ಭಾಗಗಳು, ಮೂತಿಯ ಚಕ್ರ ಎಫ್-15ರದ್ದು, ಮುಖ್ಯ ಚಕ್ರದ ಕಾಲುಗಳಲ್ಲಿ ಎಫ್/ಎ-18ರ ಭಾಗಗಳು. ಮಾಡೆಲ್ ಮಾಡುವವರಿಗೆ ಇದು ಬಂಗಾರದಂಥ ಮಾಹಿತಿ. ಯಾಕಂದರೆ ಎಫ್-15ಇ ಮತ್ತು ಎಫ್/ಎ-18ರ ಹತ್ತಿರದ ಫೋಟೋಗಳು ಬೇಕಾದಷ್ಟಿವೆ. ಪುಸ್ತಕದಲ್ಲಿ ಆ ಎರಡು ವಿಮಾನಗಳ ಪುಟವನ್ನೂ ಸೇರಿಸಿದೆ. ಹಳೆಯ ಎಫ್/ಎ-18 ಕಿಟ್‌ನ ಉಳಿಕೆ ಭಾಗಗಳ ಡಬ್ಬಿಯಿಂದ ಬ್ರೇಕ್ ಪೈಪಿನ ಕ್ಲಿಪ್‌ಗಳನ್ನು ತೆಗೆದು ಇದಕ್ಕೆ ಹಾಕಿದೆ. ಪೈಪಿಗೆ ತೆಳು ತಾಮ್ರದ ತಂತಿ.

ಆಯುಧದ ಖಾನೆಯ ಬಾಗಿಲು ಮುಚ್ಚಿಯೇ ಅಂಟಿಸಿದೆ. ಕಿಟ್ ಜೊತೆ ಕ್ಷಿಪಣಿಗಳು ಬಂದಿದ್ದವು. ಆದರೆ ಸ್ಪರ್ಧೆಯಲ್ಲಿ ಕ್ಷಿಪಣಿ ಹಾರಿಸಿ ತೋರಿಸಿದ್ದು ವೈಎಫ್-22. ವೈಎಫ್-23 ಒಂದನ್ನೂ ಹಾರಿಸಲಿಲ್ಲ. ಬಾಗಿಲು ತೆರೆದು ಕ್ಷಿಪಣಿ ತೂಗುಹಾಕಿದರೆ ನೋಡಲು ಜೋರಾಗಿರುತ್ತದೆ, ಒಪ್ಪುತ್ತೇನೆ. ನವೆಂಬರ್ 1990ರ ಪಿಎವಿ-1 ಮಾತ್ರ ಆಗುವುದಿಲ್ಲ.

ಇನ್ನು ಗಾಳಿ ಒಳಗೆ ಹೋಗುವ ಬಾಯಿ. ರೆಕ್ಕೆಯ ಕೆಳಗೆ ಎರಡು ಕಡೆ ಇವೆ. ಅಲ್ಲಿಂದ ಎಂಜಿನ್‌ವರೆಗಿನ ಕೊಳವೆ ನೇರವಾಗಿಲ್ಲ. ಮೇಲಕ್ಕೂ ಒಳಕ್ಕೂ ಬಾಗಿದೆ. ಮುಂದಿನಿಂದ ಬಂದ ರಡಾರ್ ಅಲೆಗೆ ಎಂಜಿನ್‌ನ ತಿರುಗುವ ರೆಕ್ಕೆಗಳು ಕಾಣಬಾರದು ಅನ್ನುವುದಕ್ಕೆ ಹೀಗೆ. ನನ್ನ ಕಿಟ್‌ನಲ್ಲಿ ಕೊಳವೆ ಬೇಗ ಮುಗಿದು ಒಂದು ಗೋಡೆ ಬರುತ್ತಿತ್ತು. ಗೋಡೆ ಕತ್ತರಿಸಿ ತೆಗೆದೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆದು ಮಾಡಿ, ಬಾಗಿಸಿ, ನಾಲ್ಕು ಮಗ್ಗುಲಿಗೂ ಕೂರಿಸಿದೆ. ಒಳಗಿನ ಮೂಲೆಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ಒದ್ದೆ ಬೆರಳಿನಲ್ಲಿ ಸವರಿ ದುಂಡಗೆ ಮಾಡಿದೆ. ಬಾಗುವ ಜಾಗದವರೆಗೆ ಮಾಡಿದರೆ ಸಾಕು. ಅದರ ಆಚೆ ನಿಜ ವಿಮಾನದಲ್ಲೂ ಏನೂ ಕಾಣುವುದಿಲ್ಲ.

ಬಾಯಿಯ ಮುಂದೆ, ರೆಕ್ಕೆಯ ತಳದಲ್ಲಿ, ಸಣ್ಣ ಸಣ್ಣ ತೂತುಗಳಿರುವ ಒಂದು ಪ್ಯಾನೆಲ್ ಇದೆ. ವಿಮಾನದ ಮೈಗೆ ಅಂಟಿಕೊಂಡು ಹರಿಯುವ ಗಾಳಿ ನಿಧಾನವಾಗಿರುತ್ತದೆ. ಅದು ಎಂಜಿನ್‌ಗೆ ಹೋಗಬಾರದು. ಬೇರೆ ಫೈಟರ್‌ಗಳಲ್ಲಿ ಅದಕ್ಕಾಗಿ ಬಾಯಿಯನ್ನು ಮೈಯಿಂದ ಸ್ವಲ್ಪ ದೂರ ಇಟ್ಟು ಸಂದು ಬಿಟ್ಟಿರುತ್ತಾರೆ. ಇಲ್ಲಿ ಆ ಸಂದಿನ ಬದಲು ತೂತಿನ ಪ್ಯಾನೆಲ್ ಆ ನಿಧಾನದ ಗಾಳಿಯನ್ನು ಹೀರಿಕೊಂಡು ರೆಕ್ಕೆಯ ಮೇಲಿನಿಂದ ಹೊರಗೆ ಬಿಡುತ್ತಿತ್ತು. ಕೆಲವರು ಇಲ್ಲಿ ಡ್ರಿಲ್ ಹಿಡಿದು ತೂತು ಕೊರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 1/48ರಲ್ಲಿ 0.3 ಮಿಲಿಮೀಟರ್ ತೂತು ಅಂದರೆ ನಿಜದಲ್ಲಿ 14 ಮಿಲಿಮೀಟರ್‌ಗಿಂತ ದೊಡ್ಡ ತೂತು. ಅಷ್ಟು ದೊಡ್ಡದು ಅಲ್ಲಿಲ್ಲ. ಪ್ಯಾನೆಲ್‌ನ ಗಡಿಗೆ ಟೇಪ್ ಅಂಟಿಸಿ, ಅಷ್ಟು ಜಾಗಕ್ಕೆ ಮೈಬಣ್ಣಕ್ಕಿಂತ ಒಂದೇ ಒಂದು ಛಾಯೆ ಕಡು ಬಣ್ಣ ಹೊಡೆದೆ. ಎರಡು ಅಡಿ ದೂರದಿಂದ ನೋಡಿದರೆ ಫೋಟೋದಲ್ಲಿ ಕಾಣುವಂತೆಯೇ ಕಾಣುತ್ತದೆ.

ಇದೇ ಲೆಕ್ಕ ಪ್ಯಾನೆಲ್ ಗೆರೆಗಳಿಗೂ ಅನ್ವಯಿಸುತ್ತದೆ. ಕಿಟ್‌ನ ಮೈ ತುಂಬಾ 0.2 ಮಿಲಿಮೀಟರ್ ಅಗಲದ ಗೆರೆಗಳು. ನಲವತ್ತೆಂಟರಿಂದ ಗುಣಿಸಿದರೆ 9.6 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬಿರುಕು. ಬಿರುಕು ರಡಾರ್‌ಗೆ ಕಾಣುತ್ತದೆ. ಸ್ಟೆಲ್ತ್ ವಿಮಾನದ ಮೈಯಲ್ಲಿ ಅಂಥ ಬಿರುಕು ಯಾರು ಬಿಡುತ್ತಾರೆ? ಹಾಗಾಗಿ ಬಾಗಿಲುಗಳು ಮತ್ತು ಅಲುಗಾಡುವ ಭಾಗಗಳ ಗೆರೆ ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆ. ಕಿಟ್‌ನದೇ ಸ್ಪ್ರೂ (ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿ) ತುಂಡುಗಳನ್ನು ಪ್ಲಾಸ್ಟಿಕ್ ಅಂಟಿಸುವ ದ್ರವ ಸಿಮೆಂಟ್ ಬಾಟಲಿಯಲ್ಲಿ ಕರಗಿಸಿ, ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಬ್ರಶ್‌ನಲ್ಲಿ ಗೆರೆಯೊಳಗೆ ಎಳೆದೆ. ಪುಟ್ಟಿಗಿಂತ ಇದು ವಾಸಿ. ಒಣಗಿದ ಮೇಲೆ ಅದೇ ಪ್ಲಾಸ್ಟಿಕ್ ಆಗಿರುತ್ತದೆ, ಉಜ್ಜುವಾಗ ಮೇಲೆ ಕೆಳಗೆ ಆಗುವುದಿಲ್ಲ. ಆದರೆ ಚೆನ್ನಾಗಿ ಒಣಗಲು ಬಿಡಬೇಕು. ಮೇಲೆ ಗಟ್ಟಿ ಅನಿಸಿದರೂ ಒಳಗೆ ಮೆತ್ತಗಿರುತ್ತದೆ, ಆಮೇಲೆ ಇಳಿದು ಗುಳಿ ಬೀಳುತ್ತದೆ. ನೀರು ಹಾಕಿ 400, 600, 1000 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ ಬೂದು ಪ್ರೈಮರ್. ಪ್ರೈಮರ್ ಮೇಲೆ ಟಾರ್ಚ್ ಅಡ್ಡಲಾಗಿ ಹಿಡಿದರೆ ಉಳಿದ ಗೆರೆಗಳೆಲ್ಲ ನೆರಳಿನಲ್ಲಿ ಎದ್ದು ಕಾಣುತ್ತವೆ.

ಬೆನ್ನಿನ ಮೇಲಿನ ಎರಡು ಉಬ್ಬುಗಳ ಬಗ್ಗೆ ಒಂದು ಮಾತು. ಎಂಜಿನ್ ಕೂರುವ ಆ ಉಬ್ಬುಗಳು ಉಳಿದ ಮೈಗೆ ಹೋಲಿಸಿದರೆ ದಪ್ಪ ಅನಿಸುತ್ತವೆ. ಇಷ್ಟು ನುಣುಪಾದ ವಿಮಾನಕ್ಕೆ ಇದು ಯಾಕೆ ಎಂದು ಉಜ್ಜಿ ಸಣ್ಣ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಚಿಕ್ಕ ರನ್‌ವೇಯಲ್ಲಿ ಇಳಿಯಲು ಎಂಜಿನ್ ನೂಕುಬಲವನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆ ಬೇಕು ಎಂದು ವಾಯುಪಡೆ ಮೊದಲು ಕೇಳಿತ್ತು. ಆಮೇಲೆ ಆ ಬೇಡಿಕೆ ಕೈಬಿಟ್ಟಿತು. ಅಷ್ಟರಲ್ಲಿ ಈ ಪ್ರೋಟೋಟೈಪ್‌ಗಳ ವಿನ್ಯಾಸ ಮುಂದೆ ಹೋಗಿತ್ತು, ಉಬ್ಬುಗಳು ಹಾಗೇ ಉಳಿದವು. ಆ ದಪ್ಪ ಈ ವಿಮಾನದ ಇತಿಹಾಸದ ಭಾಗ. ಉಬ್ಬನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರಗಳನ್ನು ಪುಸ್ತಕದಲ್ಲಿ ಬರೆದು, ಅದರಂತೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮಾಡೆಲ್ ಮೇಲೆ ಕೂರಿಸಿ ನೋಡಿದೆ. ಹಿಂದಿನ ಕಡೆ ಸ್ವಲ್ಪ ಮಾತ್ರ ಉಜ್ಜಬೇಕಾಯಿತು.

ಉಬ್ಬಿನ ಹಿಂದೆ ಹೊಗೆ ಹೊರಬರುವ ಕಾಲುವೆಗಳು. ನನ್ನ ಪ್ರಕಾರ ಮಾಡೆಲ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಎಂಜಿನ್‌ನ ಬಿಸಿ ಗಾಳಿ ಹಿಂದಿನ ತುದಿಯಿಂದ ನೇರ ಹೊರಬರುವುದಿಲ್ಲ. ವಿಮಾನದ ಬೆನ್ನ ಮೇಲಿನ ಎರಡು ಕಾಲುವೆಗಳಲ್ಲಿ ಹರಿದು ಹೋಗುತ್ತದೆ. ನೆಲದಿಂದ ನೋಡುವ ಇನ್‌ಫ್ರಾರೆಡ್ ಕಣ್ಣಿಗೆ ಬಿಸಿ ಕಾಣದಂತೆ ವಿಮಾನದ ಮೈಯೇ ಮರೆ ಮಾಡುತ್ತದೆ. ಬಿ-2 ಬಾಂಬರ್‌ನಲ್ಲೂ ಹೀಗೇ. ಅಷ್ಟು ಬಿಸಿ ತಡೆಯಲು ಕಾಲುವೆಯ ತಳಕ್ಕೆ ವಿಶೇಷ ಹೆಂಚುಗಳನ್ನು ಜೋಡಿಸಿದ್ದರು. ಎಂಜಿನ್‌ನಿಂದಲೇ ತೆಗೆದ ಗಾಳಿ ಹೆಂಚಿನ ಸಣ್ಣ ತೂತುಗಳಿಂದ ಒಸರಿ ಅದನ್ನು ತಂಪಾಗಿಡುತ್ತಿತ್ತು. ವೈಎಫ್-22ರಲ್ಲಿದ್ದಂತೆ ಮೇಲೆ ಕೆಳಗೆ ತಿರುಗುವ ನಾಜಲ್ ಇದಕ್ಕಿರಲಿಲ್ಲ.

ಕಿಟ್‌ನಲ್ಲಿ ಹೆಂಚುಗಳ ಗೆರೆ ಆಳವಾಗಿತ್ತು, ಪೂರ್ತಿ ಉಜ್ಜಿ ತೆಗೆದೆ. ಮೇಲಿಂದ ತೆಗೆದ ಫೋಟೋ ನೋಡಿ ಹೊಸದಾಗಿ ಸೂಜಿಯಲ್ಲಿ ಕೆರೆದೆ. ಲೋಹದ ಅಂಚುಪಟ್ಟಿಯ ಬದಲು ಹೆಸರಿನ ಪಟ್ಟಿ ಒತ್ತಲು ಬಳಸುವ ದಪ್ಪ ಡೈಮೋ ಟೇಪ್ ಬಳಸಿದೆ, ಅದು ಬಾಗಿದ ಮೈಗೆ ಅಂಟಿಕೊಂಡು ಕೂರುತ್ತದೆ. ಬಣ್ಣಕ್ಕೆ ಒಂದೇ ಕಡು ಲೋಹದ ಬಣ್ಣ ಹೊಡೆದರೆ ಸತ್ತಂತೆ ಕಾಣುತ್ತದೆ. ಕಡು ಬೂದು ತಳ, ಮೇಲೆ ಬಿಡಿ ಬಿಡಿ ಹೆಂಚುಗಳಿಗೆ ಟೇಪ್ ಹಚ್ಚಿ ಕಂದು, ತಿಳಿ ಬೂದು, ಸ್ವಲ್ಪ ನೀಲಿ ಬೆರೆಸಿದ ಬೂದು. ಎಲ್ಲದಕ್ಕೂ ಮೇಲೆ ತುಂಬಾ ನೀರಾದ ಕಡು ಕಂದಿನ ಒಂದು ತೆರೆ. ಏರ್‌ಬ್ರಶ್‌ನ ಒತ್ತಡ ಕಡಿಮೆ ಇಟ್ಟು, ಹೊಗೆ ಹರಿಯುವ ದಿಕ್ಕಿಗೇ ಹೊಡೆದೆ. ಮ್ಯೂಸಿಯಂ ಫೋಟೋದ ಕಾಲುವೆ ಬೇರೆ, ಹಾರುತ್ತಿದ್ದಾಗಿನ ಕಾಲುವೆ ಬೇರೆ. ಇಲ್ಲಿ ಅಂಚಿನ ಬಣ್ಣಪಟ್ಟಿ ಚೆನ್ನಾಗಿ ಉಪಯೋಗಕ್ಕೆ ಬಂತು. ಹಾರಾಟದ ಪುಟಗಳನ್ನು ಮಾತ್ರ ಬಿಚ್ಚಿಟ್ಟುಕೊಂಡೆ.

ಬಾಲಗಳು ನೆಟ್ಟಗೆ ನಿಂತಿಲ್ಲ, ಹೊರಕ್ಕೆ ತುಂಬಾ ಒರಗಿವೆ. ಇವು ಪೂರ್ತಿಯಾಗಿ ತಿರುಗುವ ಬಾಲಗಳು. ಏರುವುದು, ಇಳಿಯುವುದು, ಎಡ ಬಲ ತಿರುಗುವುದು ಎಲ್ಲದರಲ್ಲೂ ಇವುಗಳ ಪಾಲಿದೆ. ಕಣ್ಣಂದಾಜಿನಲ್ಲಿ ಅಂಟಿಸಿದರೆ ಒಂದು ಕಡೆ ಜಾಸ್ತಿ ಒರಗುವುದು ಖಂಡಿತ. ಮುಂದಿನ ನೋಟದ ನಕ್ಷೆಯನ್ನು ದಪ್ಪ ರಟ್ಟಿಗೆ ಅಂಟಿಸಿ, ಬಾಲದ ಕೋನಕ್ಕೆ ಸರಿಯಾಗಿ ಕತ್ತರಿಸಿ, ಅದರ ಆಸರೆಯಲ್ಲಿ ರಾತ್ರಿಯಿಡೀ ಒಣಗಲು ಬಿಟ್ಟೆ. ಅಂಟಿಸುವ ಮೊದಲು ಮೂತಿಯ ತುದಿಯಿಂದ ಎರಡೂ ಬಾಲದ ತುದಿಗೆ ದಾರ ಹಿಡಿದು ಸಮ ಇದೆಯೇ ನೋಡಿದೆ. ರೆಕ್ಕೆಗಳಿಗೂ ಅದೇ ದಾರ. ನಂತರ ಮಾಡೆಲ್ ಅನ್ನು ಎ2 ನಕ್ಷೆಯ ಮೇಲೆ ಇಟ್ಟು ಮೇಲಿಂದ ನೋಡಿದೆ. ರೆಕ್ಕೆಯ ತುದಿ, ಬಾಲದ ತುದಿ, ಹಿಂದಿನ ಗರಗಸದ ಹಲ್ಲಿನಂಥ ಅಂಚು, ಎಲ್ಲ ಗೆರೆಯ ಮೇಲೆ ಬಂದು ಕೂತವು. ಎಂಟು ಮಿಲಿಮೀಟರ್‌ಗಾಗಿ ಎ2 ಹಾಳೆ ಹುಡುಕಿಕೊಂಡು ಹೋದದ್ದು ಸಾರ್ಥಕ ಅನಿಸಿತು.

ಬಣ್ಣದ ಪುಟ

ಬೂದು ಬಣ್ಣವನ್ನು ಪ್ರಿಂಟರ್ ನಂಬಿಕೊಂಡು ಪುಸ್ತಕಕ್ಕೆ ಹಾಕಬಾರದು. ಒಂದು ಪ್ರಿಂಟರ್‌ನಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು ಸೇರಿಕೊಳ್ಳುತ್ತದೆ. ಅದಕ್ಕೇ ಬಣ್ಣದ ಪುಟವನ್ನು ಪ್ರಿಂಟ್ ಮಾಡಿಸಲೇ ಇಲ್ಲ. ತೆಳು ಪ್ಲಾಸ್ಟಿಕ್ ಹಾಳೆಗೆ ಏರ್‌ಬ್ರಶ್‌ನಲ್ಲಿ ನಿಜವಾದ ಬಣ್ಣ ಹೊಡೆದು, ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಪುಸ್ತಕಕ್ಕೂ ಕೈಯಾರೆ ಅಂಟಿಸಿದೆ. ಒಂದೇ ಬಣ್ಣದ ಮೂರು ಚೌಕ: ಬಾಟಲಿಯಿಂದ ಹಾಗೇ, ಸ್ವಲ್ಪ ಬಿಳಿ ಸೇರಿಸಿ, ಇನ್ನಷ್ಟು ಬಿಳಿ ಸೇರಿಸಿ. ಚಿಕ್ಕ ಮಾಡೆಲ್ ಮೇಲೆ ಕಡು ಬಣ್ಣ ನಿಜಕ್ಕಿಂತ ಕಡುವಾಗಿ ಕಾಣುತ್ತದೆ. 1/72 ಮಾಡುವವರು ಮೂರನೇ ಚೌಕ ನೋಡಲಿ, 1/48 ಮಾಡುವವರು ಎರಡನೆಯದನ್ನು.

ಪಿಎವಿ-1ರ ಮೈಗೆ ನಾನು ಅಮೆರಿಕದ ಸರ್ಕಾರಿ ಬಣ್ಣಪಟ್ಟಿಯ ಎಫ್‌ಎಸ್ 36118, ಅಂದರೆ ಗನ್‌ಶಿಪ್ ಗ್ರೇ, ತಳವಾಗಿ ಇಟ್ಟುಕೊಂಡೆ. ಇದು ಫೋಟೋಗಳ ಪಕ್ಕ ಚೌಕ ಹಿಡಿದು ನಾನು ಮಾಡಿದ ಆಯ್ಕೆ ಎಂದು ಪುಟದ ಮೇಲೆ ಬರೆದಿದ್ದೇನೆ. ಎಡ್ವರ್ಡ್ಸ್ ಇರುವುದು ಮೊಜಾವೆ ಮರುಭೂಮಿಯಲ್ಲಿ. ಅಲ್ಲಿನ ಬೆಳಕಿನಲ್ಲಿ ಒಂದೇ ವಿಮಾನ ಬೆಳಗ್ಗೆ ಕಪ್ಪಗೆ, ಮಧ್ಯಾಹ್ನ ತಿಳಿ ಬೂದಾಗಿ ಕಾಣುತ್ತದೆ. ನೆರಳು ಚಿಕ್ಕದಿರುವ, ಮೋಡವಿಲ್ಲದ ಫೋಟೋಗಳನ್ನೇ ಹೋಲಿಕೆಗೆ ಆರಿಸಿದೆ. ಮೈಮೇಲೆ ಕೊಳೆ, ಎಣ್ಣೆ ಸೋರಿಕೆ ಎಲ್ಲ ಹಚ್ಚಲಿಲ್ಲ. ಕೆಲವೇ ತಿಂಗಳು ಹಾರಿದ ವಿಮಾನ ಅದು.

ಹೊಲಿಗೆ, ರಟ್ಟು

ಬೆಂಚಿನ ಪುಸ್ತಕ ಬಿಚ್ಚಿಟ್ಟರೆ ಚಪ್ಪಟೆಯಾಗಿ ಮಲಗಬೇಕು. ಎರಡೂ ಕೈಯಲ್ಲಿ ಭಾಗ ಹಿಡಿದಾಗ ಪುಟ ತಾನಾಗಿ ಮುಚ್ಚಿಕೊಂಡರೆ ಅಂಥ ಪುಸ್ತಕ ಯಾಕೆ? ಬೆನ್ನಿಗೆ ಬರೀ ಗೋಂದು ಹಾಕಿ ಅಂಟಿಸುವ ಬೈಂಡಿಂಗ್ ಇದಕ್ಕೆ ಆಗುವುದಿಲ್ಲ. ಎರಡು ಸಲ ಒತ್ತಿ ಬಿಚ್ಚಿದರೆ ಹಾಳೆ ಕಿತ್ತು ಬರುತ್ತದೆ. ಎ3 ಹಾಳೆಗಳನ್ನು ಮಡಚಿ ನಾಲ್ಕು ನಾಲ್ಕು ಸೇರಿಸಿ ಹದಿನಾರು ಪುಟದ ಫಾರಂ ಮಾಡಿದೆ. ಮಡಿಕೆಯಲ್ಲಿ ತೂತು ಕೊಟ್ಟು, ಮೇಣ ಸವರಿದ ದಾರದಲ್ಲಿ ಫಾರಂಗಳನ್ನು ಒಂದಕ್ಕೊಂದು ಹೊಲಿದೆ. ಬೆನ್ನಿಗೆ ಬಟ್ಟೆ, ಅದರ ಮೇಲೆ ರಟ್ಟು. ಅಂಟಿಗೆ ಮೈದಾ ಗಂಜಿ, ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ. ನಮ್ಮ ಹಳೆಯ ಬೈಂಡರ್‌ಗಳು ಮಾಡುತ್ತಿದ್ದದ್ದು ಇದನ್ನೇ. ಮೈಲುತುತ್ತ ವಿಷ, ಬರಿಗೈ ಹಾಕಬಾರದು, ಅಡುಗೆ ಪಾತ್ರೆ ಬಳಸಬಾರದು.

ಬಣ್ಣದ ಚೌಕ ಅಂಟಿಸಿದ ಪುಟಗಳು ದಪ್ಪ ಆಗುತ್ತವೆ. ಆ ಜಾಗದಲ್ಲಿ ಬೆನ್ನಿಗೂ ಅಷ್ಟೇ ದಪ್ಪದ ಕಾಗದದ ಪಟ್ಟಿ ಸೇರಿಸಿ ಹೊಲಿಯಬೇಕು, ಇಲ್ಲವಾದರೆ ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಮಡಚಿದ ಎ2 ನಕ್ಷೆಗೂ ಇದೇ. ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒಂದನ್ನು ಪುಸ್ತಕದ ಹಿಂದೆ ಜೇಬು ಮಾಡಿ ಇಟ್ಟಿದ್ದೇನೆ. ಕೆಲಸ ಮಾಡುವಾಗ ಅದನ್ನು ಪುಟದ ಮೇಲೆ ಹಾಸಿಕೊಂಡರೆ ಸಿಮೆಂಟ್ ಬಿದ್ದರೂ ಪುಟ ಹಾಳಾಗುವುದಿಲ್ಲ.

ಮಾಡೆಲ್ ಮುಗಿದು ಶೆಲ್ಫ್ ಮೇಲಿದೆ. ಮೂತಿಯೊಳಗೆ ಸೀಸದ ಗುಂಡು ತುಂಬಿದ್ದರಿಂದ ಮೂರೂ ಚಕ್ರದ ಮೇಲೆ ಸರಿಯಾಗಿ ನಿಂತಿದೆ. ಗೆಳೆಯರೊಬ್ಬರು 1/72ರಲ್ಲಿ ಪಿಎವಿ-2 ಕಟ್ಟಲು ಶುರು ಮಾಡಿದ್ದಾರೆ. ಎರಡು ಛಾಯೆಯ ಬೂದು ಎಲ್ಲಿ ಸೇರುತ್ತದೆ ಅನ್ನುವ ಗೆರೆ ಪುಸ್ತಕದಲ್ಲಿ ಎಡ ಮಗ್ಗುಲಿಗೆ ತುಂಬು ಗೆರೆಯಾಗಿದೆ, ಬಲ ಮಗ್ಗುಲಿಗೆ ಇನ್ನೂ ತುಂಡು ಗೆರೆ. ಬಲ ಮಗ್ಗುಲಿನ ಎರಡನೇ ಫೋಟೋ, 1990ರದ್ದೇ ಆಗಿರಬೇಕು, ಹುಡುಕುತ್ತಿದ್ದೇವೆ.